ಕಾಕಾನನ್ನು ಕರೆತರಲು ಕರಿ ಬೆಲ್ಲದ ಊರಿಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಂಹ ನೋಡಲಿಲ್ಲ. ಕೀನ್ಯಾ ದೇಶದ ಫೋಟೋ ಹಾಕಿದ ಕೂಡಲೇ ನೀವೆಲ್ಲ ಕೇಳಿದ್ದು ಅದನ್ನೇ. ಸಿಂಹ ಎಲ್ಲಿ, ಜಿರಾಫೆ ಎಲ್ಲಿ, ರೇಣವ್ವ ಆನೆ ಹತ್ತಿದಳೋ ಇಲ್ಲವೋ. ಇಲ್ಲ. ನಾನು ನೋಡಿದ್ದು ಕಬ್ಬು. ಸಮುದ್ರ ದಾಟಿ ಹೋಗಿ ಕಬ್ಬು ನೋಡಿಕೊಂಡು ಬಂದೆ. ಬೈಯುವವರು ಈಗಲೇ ಬೈದು ಮುಂದಿನ ಪೋಸ್ಟಿಗೆ ಹೋಗಿ. ಉಳಿದವರು ಕೂಡ್ರಿ, ಹೇಳುತ್ತೇನೆ.

ಕಾರಟಗಿ ಬಿಡುವ ಮೊದಲು

ನಮ್ಮ ಹೊಲ ಇರುವುದು ಕಾರಟಗಿ ಹತ್ತಿರ, ಕಾಲುವೆ ಕೆಳಗೆ. ಈ ಕಡೆ ಭತ್ತ ಬಿಟ್ಟು ಬೇರೆ ಏನಾದರೂ ಹಾಕಿದರೆ ಜನ ನಿಮ್ಮ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡುತ್ತಾರೆ. ಹೋದ ವರ್ಷ ನಾನು ಎರಡು ಎಕರೆ ಕಬ್ಬು ಹಚ್ಚಿದೆ. ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ಕೂಡುವವರಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ನಗು ಕೊಟ್ಟೆ.

ಕಬ್ಬು ಹಚ್ಚಿದ್ದು ಸಕ್ಕರೆ ಕಾರ್ಖಾನೆಗಲ್ಲ, ಬೆಲ್ಲಕ್ಕೆ. ನಮ್ಮ ಅಪ್ಪನ ಕಾಲದಲ್ಲಿ ಹೊಲದ ಮೂಲೆಯಲ್ಲಿ ಗಾಣ ಇತ್ತು. ಆ ಗಾಣದಲ್ಲಿ ಬೆಲ್ಲ ಕಾಸುತ್ತಿದ್ದವರು ಮೌಲಾಸಾಬ್ ಕಾಕಾ. ಅಪ್ಪನ ಒಡಹುಟ್ಟಿದವರಲ್ಲ, ಆದರೆ ಇಬ್ಬರೂ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು. ಸುಗ್ಗಿ ಬಂದರೆ ಕಾಕಾ ಕೊಪ್ಪರಿಗೆಯ ಮುಂದಿನಿಂದ ಏಳುತ್ತಿರಲಿಲ್ಲ. ನಡೆಯುತ್ತಿರುವ ಗಾಣಕ್ಕೆ ಬಂದವರಿಗೆ ಇಲ್ಲ ಎನ್ನಬಾರದು ಎಂಬುದು ನಮ್ಮ ಕಡೆಯ ರೀತಿ. ಬಸ್ಸು ತಪ್ಪಿಸಿಕೊಂಡವರು, ಕುರಿ ಕಾಯುವವರು, ಶಾಲೆ ಬಿಟ್ಟ ಹುಡುಗರು, ಯಾರೇ ಬಂದು ಕೈ ಚಾಚಿದರೂ ಕಬ್ಬಿನ ಎಲೆಯ ಮೇಲೆ ಬಿಸಿ ಬೆಲ್ಲ ಬೀಳುತ್ತಿತ್ತು. ಅದರ ಲೆಕ್ಕ ಯಾರೂ ಇಡುತ್ತಿರಲಿಲ್ಲ.

ಕಾಕಾನದು ಇನ್ನೊಂದು ರೂಢಿ. ಅಚ್ಚಿನಲ್ಲಿದ್ದ ಬೆಲ್ಲ ಗಟ್ಟಿಯಾಗುವ ಮೊದಲು ಪ್ರತಿ ಪೆಂಟಿಯ ನೆತ್ತಿಗೆ ಹೆಬ್ಬೆರಳು ಒತ್ತುತ್ತಿದ್ದರು. ಕುಷ್ಟಗಿ, ಯಲಬುರ್ಗಾ, ಕನಕಗಿರಿ ಸಂತೆಗಳಲ್ಲಿ ಹೆಂಗಸರು ಪೆಂಟಿ ತಿರುಗಿಸಿ ಆ ಕುಳಿ ಹುಡುಕುತ್ತಿದ್ದರು. ಕುಳಿ ಇತ್ತೆಂದರೆ ರುಚಿ ನೋಡುವ ಮಾತೇ ಇಲ್ಲ, ಪೆಂಟಿ ಸೀದಾ ಚೀಲಕ್ಕೆ.

ಆಮೇಲೆ ಎಲ್ಲರೂ ಭತ್ತಕ್ಕೆ ಬಿದ್ದರು. ಸುತ್ತಲಿನ ಗಾಣಗಳು ಒಂದೊಂದಾಗಿ ನಿಂತವು. ಅಪ್ಪ ಹೋದ ಮೇಲೆ ನಮ್ಮದೂ ನಿಂತಿತು. ಕಾಕಾ ಕೆಲ ದಿನ ಅಕ್ಕಿ ಗಿರಣಿಯಲ್ಲಿ ಹೊಟ್ಟು ಎತ್ತಿದರು. ಒಂದು ದಿನ ಯಾರೋ ಏಜೆಂಟ್ ಬಂದು, ಆಫ್ರಿಕಾದಲ್ಲಿ ಬೆಲ್ಲದ ಗಾಣಗಳಿವೆ, ಕಾಸುವವರು ಬೇಕಾಗಿದ್ದಾರೆ ಎಂದ. ಕಾಕಾ ಹೋದರು. ಮೂರು ಸುಗ್ಗಿಯಾಯಿತು, ತಿರುಗಿ ಬರಲಿಲ್ಲ.

ನನ್ನ ಕಬ್ಬು ಕಡಿಯಲು ಬಂದಿತ್ತು. ಹೂ ಬಿಟ್ಟರೆ ರಸದ ಕಥೆ ಮುಗಿಯಿತು. ಗಾಣದ ಎಂಜಿನ್ ರಿಪೇರಿ ಮಾಡಿಸಿದ್ದೆ, ಒಲೆಗೆ ಹೊಸ ಇಟ್ಟಿಗೆ ಕೂಡಿಸಿದ್ದೆ. ಕೊಪ್ಪಳದ ಒಬ್ಬ ಸಾವುಕಾರ ಬೆಲ್ಲವನ್ನೆಲ್ಲ ತಾನೇ ಕೊಳ್ಳುವುದಾಗಿ ಒಪ್ಪಿದ್ದ. ಒಂದೇ ಶರತ್ತು, ಬೆಲ್ಲ ಹಳದಿ ಇರಬೇಕು, ಬಂಗಾರದ ಹಾಗೆ. ಆ ಮಾತನ್ನು ಕಾಕಾ ಬಂದ ಮೇಲೆ ಆಡಿದರಾಯಿತು ಎಂದುಕೊಂಡೆ. ಎಲ್ಲ ಇತ್ತು, ಕಾಸುವವರು ಮಾತ್ರ ಇರಲಿಲ್ಲ. ಫೋನು ಮಾಡಿದಾಗಲೆಲ್ಲ ಕಾಕಾನದು ಒಂದೇ ಉತ್ತರ: "ನೋಡೂಣು ಬಿಡವ್ವ."

ಕಾಕಾನ ಹೆಂಡತಿ ಖಾತುಂಬಿ ಚಿಗವ್ವ ರೇಗಿದಳು. "ಫೋನಿನ್ಯಾಗ ನೋಡೂಣು ಅನ್ನೋ ಗಂಡಸು ಜಲ್ಮದಾಗ ನೋಡಂಗಿಲ್ಲ. ನೀ ಹೋಗು. ಬರಂಗಿಲ್ಲ ಅಂದ್ರ ಕಿವಿ ಹಿಡದು ಕರ್ಕೊಂಡ ಬಾ."

"ಕಿವಿ ಕೊಡಲಿಲ್ಲಂದ್ರ?"

"ಕಿವಿ ಕೊಡಲಿಲ್ಲಂದ್ರ ಅವರ ಕೈಯಾನ ಒಂದು ಪೆಂಟಿ ಬೆಲ್ಲರ ತಗೊಂಡ ಬಾ. ನನ್ನ ನಾಲಿಗಿಗೆ ರುಚೀನ ಮರತು ಹೋಗೇತಿ."

ಟಿಕೆಟ್ಟಿಗೆ ಎಷ್ಟಾಯಿತು ಎಂದು ಕೇಳಬೇಡಿ. ಕೇಳಿದವರಿಗೆಲ್ಲ ಎಮ್ಮೆ ಮಾರಿದೆ ಎಂದಿದ್ದೇನೆ. ಎಮ್ಮೆ ಇನ್ನೂ ಹಟ್ಟಿಯಲ್ಲೇ ಇದೆ, ನೋಡಿದವರು ಸುಮ್ಮನಿರಿ.

ನೈರೋಬಿ, ವಿಮಾನ ನಿಲ್ದಾಣ

ಆ ದೇಶದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಡೆಯುವುದಿಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಕಟಕ ರೊಟ್ಟಿ ಒಂದು ಕ್ಯಾರಿಬ್ಯಾಗಿನಲ್ಲಿ, ಶೇಂಗಾ ಚಟ್ನಿ ಇನ್ನೊಂದರಲ್ಲಿ, ಗುರೆಳ್ಳು ಚಟ್ನಿ ಮತ್ತೊಂದರಲ್ಲಿ, ಕಾಕಾನಿಗೆಂದು ಪೇಟೆಯಿಂದ ತಂದ ಬೆಲ್ಲದ ಅಚ್ಚು ಎರಡು ಕ್ಯಾರಿಬ್ಯಾಗಿನ ಒಳಗೆ. ನಮ್ಮ ಜನ ಬ್ಯಾಗು ಕಟ್ಟುವ ರೀತಿ ನಿಮಗೆ ಗೊತ್ತೇ ಇದೆ, ಚೀಲದೊಳಗೆ ಚೀಲ, ಅದರೊಳಗೆ ಗಂಟು.

ಅಲ್ಲಿನ ಹೆಣ್ಣು ಅಧಿಕಾರಿ ಒಂದೊಂದೇ ಗಂಟು ಬಿಚ್ಚಿದಳು. ತಿನಿಸು ಕಸಿದುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ತಿನಿಸನ್ನು ಮೂಸಿ ನೋಡಿ ನನ್ನ ಕೈಗೇ ಕೊಟ್ಟಳು, ಚೀಲಗಳನ್ನು ಮಾತ್ರ ನೀಟಾಗಿ ಮಡಚಿ ಬುಟ್ಟಿಗೆ ಹಾಕಿದಳು. ಈಗ ಹೇಳಿ, ಎರಡು ಬಗೆಯ ಚಟ್ನಿಪುಡಿಯನ್ನು ಕೈಯಲ್ಲಿ ಹಿಡಿದು ಹೆಂಗಸು ವಿಮಾನ ನಿಲ್ದಾಣದಿಂದ ಹೊರಗೆ ಹೇಗೆ ಬರಬೇಕು? ಒಂದು ಹಳೆಯ ಸೀರೆ ತೆಗೆದು ಅಲ್ಲೇ ನೆಲದ ಮೇಲೆ ಹಾಸಿ ಎಲ್ಲವನ್ನೂ ಬೇರೆ ಬೇರೆ ಮೂಲೆಗೆ ಕಟ್ಟಿದೆ. ಸಾಲಿನಲ್ಲಿ ನಿಂತಿದ್ದ ಬಿಳಿಯ ಜನ ಫೋಟೋ ತೆಗೆದುಕೊಂಡರು. ನಾನು ಸಿಂಹ ನೋಡದಿದ್ದರೇನು, ಅವರು ನನ್ನನ್ನು ನೋಡಿದರು.

ಹೊರಗೆ ಬಂದು ರಸ್ತೆ ನೋಡಿದಾಗ ಮಾತ್ರ ಸಿಟ್ಟು ಬಂತು. ಆ ಅಧಿಕಾರಿಯ ಮೇಲಲ್ಲ, ನಮ್ಮ ಮೇಲೆ. ರಸ್ತೆ ಬದಿಯ ಬೇಲಿಗೆ ಒಂದು ಕ್ಯಾರಿಬ್ಯಾಗೂ ಸಿಕ್ಕಿಕೊಂಡಿರಲಿಲ್ಲ. ನಮ್ಮ ಕಾಲುವೆಯಲ್ಲಿ ನೀರಿಗಿಂತ ಮೊದಲು ಅವೇ ತೇಲಿಕೊಂಡು ಬರುತ್ತವೆ.

ಪಡುವಣದ ಬಸ್ಸು

ಕಾಕಾ ಇದ್ದ ಗಾಣ ಕಾಕಾಮೆಗಾ ಎಂಬ ಊರಿನಿಂದಾಚೆ. ಊರಿನ ಹೆಸರು ಕೇಳಿಯೇ ಚಿಗವ್ವ, "ಹೆಸರಿನ್ಯಾಗ ಮೊದಲ ಕಾಕಾ ಅದಾನ, ಹುಡುಕೂದು ಏನೈತಿ" ಎಂದಿದ್ದಳು. ಹುಡುಕಲು ಒಂದು ಹಗಲು ಪೂರ್ತಿ ಬಸ್ಸಿನಲ್ಲಿ ಕೂತೆ. ದಾರಿಯಲ್ಲಿ ಒಂದು ದೊಡ್ಡ ಕಣಿವೆ ಬರುತ್ತದೆ, ಎಲ್ಲರೂ ಕಿಟಕಿಗೆ ಅಂಟಿಕೊಂಡರು. ನಾನು ನಿದ್ದೆ ಹೋಗಿದ್ದೆ.

ಎಚ್ಚರವಾದಾಗ ಎರಡೂ ಬದಿಗೆ ಕಬ್ಬು. ಕೆಂಪು ಮಣ್ಣು, ಮಧ್ಯಾಹ್ನವಾದರೆ ಹೇಳಿ ಕಳಿಸಿದಂತೆ ಬರುವ ಮಳೆ. ಕಾಲುವೆ ಗೇಟಿನ ಮುಂದೆ ಹೊಡೆದಾಡುವ ನಮಗೆ ಆ ಮಳೆ ನೋಡಿದರೆ ಹೊಟ್ಟೆಕಿಚ್ಚು. ಆದರೆ ಕಬ್ಬಿನ ಟ್ರ್ಯಾಕ್ಟರು ಮಾತ್ರ ಎಲ್ಲ ದೇಶದಲ್ಲೂ ಒಂದೇ. ಅಷ್ಟೇ ಓರೆ, ಅಷ್ಟೇ ಭಾರ, ಹಿಂದೆ ದೀಪವಿಲ್ಲ. ಏರಿನಲ್ಲಿ ಅದು ನಿಧಾನವಾದ ಕೂಡಲೇ ಮಕ್ಕಳು ಹಿಂದೆ ಓಡಿ ಕಬ್ಬು ಎಳೆಯುತ್ತಾರೆ. ಚಾಲಕ ಬೈಯುತ್ತಾನೆ, ಆದರೆ ಹಿಂದೆ ತಿರುಗಿ ನೋಡುವುದಿಲ್ಲ. ಗಂಗಾವತಿ ರಸ್ತೆಯಲ್ಲೇ ಇದ್ದೇನೆ ಅನಿಸಿಬಿಟ್ಟಿತು.

ಬಸ್ಸಿಳಿದು ಬಾಡಿಗೆಯ ಮೋಟರ್‌ಸೈಕಲ್ ಹತ್ತಿದೆ. ಸೀರೆಯುಟ್ಟು ಒಂದು ಬದಿಗೆ ಕಾಲು ಹಾಕಿ ಕುಳಿತ ನನ್ನನ್ನು ಕಂಡು ದಾರಿಯುದ್ದಕ್ಕೂ ಹೆಂಗಸರು ಚಪ್ಪಾಳೆ ತಟ್ಟಿದರು. ನಾನೂ ಕೈ ಬೀಸಿದೆ. ಕೈ ಬಿಟ್ಟಾಗಲೇ ಗುಂಡಿ ಬಂತು. ಬಿದ್ದೆ. ಅದೇ ಹೆಂಗಸರು ಓಡಿಬಂದು ಎಬ್ಬಿಸಿ, ಕೆಸರು ಒರೆಸಿ, ಮತ್ತೆ ಅದೇ ರೀತಿ ಕೂಡಿಸಿ ಮತ್ತೆ ಚಪ್ಪಾಳೆ ತಟ್ಟಿದರು.

ಗಾಣದ ಗೇಟು

ಗಾಣಕ್ಕೆ ಗೇಟು ಇರುವುದನ್ನು ಜೀವನದಲ್ಲಿ ಮೊದಲ ಸಲ ನೋಡಿದೆ. ತಗಡಿನ ಬೇಲಿ, ಕಬ್ಬಿಣದ ಗೇಟು, ಬಡಿಗೆ ಹಿಡಿದ ಕಾವಲುಗಾರ. ಒಳಗಿನಿಂದ ಬೆಲ್ಲದ ಹೊಗೆ. ಮೂಗಿಗೆ ಅದು ಬಡಿದ ಕೂಡಲೇ ನಾನು ನಮ್ಮೂರಿನಲ್ಲಿ ಮಾಡುವಂತೆ ನೇರ ನುಗ್ಗಿದೆ. ಬಡಿಗೆ ಅಡ್ಡ ಬಂತು. ಕೈ ಚಾಚಿದರೆ ಬೆಲ್ಲ ಬೀಳುವ ಜಾಗ ಅದಲ್ಲ.

ಗೇಟಿನ ಹೊರಗೆ ಮೆಕ್ಕೆಜೋಳದ ತೆನೆ ಸುಡುತ್ತಿದ್ದ ಹೆಂಗಸೊಬ್ಬಳು ತನ್ನ ಮಣೆಯನ್ನು ನನ್ನ ಕಡೆ ಸರಿಸಿದಳು. ಹೆಸರು ನಫುಲಾ, ನನ್ನದೇ ವಯಸ್ಸಿರಬೇಕು. ಅರ್ಧ ತೆನೆಗೆ ಉಪ್ಪು ಖಾರ ಲಿಂಬೆ ಸವರಿ ಕೊಟ್ಟಳು, ನಮ್ಮ ಬಸ್ ನಿಲ್ದಾಣದ ರುಚಿಯೇ. ಅವಳ ಇಂಗ್ಲಿಷು ಶಾಲೆಯದು, ನನ್ನದು ಗೊಬ್ಬರದ ಅಂಗಡಿಯದು, ಹೇಗೋ ಮಾತು ನಡೆಯಿತು. ಮೌಲಾಸಾಬ್ ಎಂದೆ. ತಿಳಿಯಲಿಲ್ಲ. ಗಡ್ಡ ತೋರಿಸಿ, ಸೌಟು ತಿರುಗಿಸುವಂತೆ ಮಾಡಿದೆ.

"ಓ, ನಮ್ಮ ಮುದುಕ!" ಎಂದಳು. "ಸಿಹಿ ಮಾಡುವ ಕಹಿ ಮುದುಕ."

ಕಾವಲುಗಾರ ಒಳಗೆ ಹೋಗಿ ಕಾಕಾನನ್ನು ಕರೆತಂದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಮುಖ ಮಸಿಯಾಗಿತ್ತು. ನನ್ನನ್ನು ಕಂಡವರೇ ಗೇಟಿನ ಸರಳು ಹಿಡಿದು ನಿಂತುಬಿಟ್ಟರು.

"ರೇಣವ್ವ ಏನು? ಯಾರು ಸತ್ರು?"

"ಯಾರೂ ಸತ್ತಿಲ್ಲ ಕಾಕಾ. ಕಬ್ಬು ಬಂದೈತಿ."

"ಕಬ್ಬು ಬಂತಂತ ಆಫ್ರಿಕಾತನ ಬಂದೀ?" ಎಂದು ನಕ್ಕರು. ಆಮೇಲೆ ಅಳತೊಡಗಿದರು. ಆಮೇಲೆ ಕಾವಲುಗಾರನಿಗೆ ಅವನ ಭಾಷೆಯಲ್ಲಿ ಏನೋ ಗದರಿ ಗೇಟು ತೆಗೆಸಿದರು.

ಚಹಾ ಬಂತು. ಹಾಲು ಹಾಕಿ ಕುದಿಸಿದ, ನಮ್ಮಂಥದೇ ಚಹಾ. ನನ್ನ ಲೋಟಕ್ಕೆ ಸಕ್ಕರೆ ಸುರಿದರು. ಕಾಕಾ ತಮ್ಮದಕ್ಕೆ ಏನೂ ಹಾಕಿಕೊಳ್ಳಲಿಲ್ಲ. ಸಕ್ಕರೆ ಕಾಯಿಲೆಯೇ ಎಂದು ಕೇಳಿದೆ. "ಕಾಯಿಲಿ ಇದ್ರ ಛಲೋ ಇತ್ತು" ಎಂದರು. ಅರ್ಥವಾಗಲಿಲ್ಲ.

ಸೀರೆಯ ಗಂಟು ಬಿಚ್ಚಿ ಪೇಟೆಯ ಬೆಲ್ಲ ಕೊಟ್ಟೆ. ಹಳದಿ, ಬಂಗಾರದಂತೆ ಹೊಳೆಯುವ ಅಚ್ಚು. ಶೇಂಗಾ ಚಟ್ನಿ ಅಂಟಿತ್ತು, ಕಾಕಾ ಅದನ್ನು ಒರೆಸಿ ಒಂದು ಚೂರು ಹಲ್ಲಿಗೆ ಇಟ್ಟರು, ಪಕ್ಕಕ್ಕೆ ತಿರುಗಿ ಉಗುಳಿದರು.

"ಇದು ಬೆಲ್ಲ ಅಲ್ಲ ರೇಣವ್ವ. ಸಕ್ಕರಿ ಕರಗಿಸಿ, ಪೌಡರ್ ಹಾಕಿ ಹಳದಿ ಮಾಡ್ಯಾರ."

"ಗೊತ್ತು ಕಾಕಾ."

"ಗೊತ್ತಿದ್ದೂ ತಂದೀ?"

"ಬ್ಯಾರೆ ಎಲ್ಲಿ ಸಿಗತೈತ್ರಿ? ಮಂದಿ ಇದನ್ನ ಕೇಳ್ತಾರ, ಅಂಗಡ್ಯಾಗ ಇದನ್ನ ಇಡ್ತಾರ."

ಕಾಕಾ ಎದ್ದು ನನ್ನನ್ನು ಒಲೆಯ ಕಡೆ ಕರೆದೊಯ್ದರು.

ಗಾಣದ ಒಳಗೆ ಎಲ್ಲವೂ ನನಗೆ ಗೊತ್ತಿದ್ದದ್ದೇ. ಎಂಜಿನ್ನಿನ ಬಾಯಿಗೆ ಕಬ್ಬು, ಪೈಪಿನಲ್ಲಿ ರಸ, ಒಣಗಿದ ಸಿಪ್ಪೆ ಒಲೆಗೆ, ಸಾಲಾಗಿ ಕೊಪ್ಪರಿಗೆಗಳು. ಆದರೆ ಯಾರೂ ಕೊಳೆ ತೆಗೆಯುತ್ತಿರಲಿಲ್ಲ. ನಮ್ಮಲ್ಲಿ ರಸ ಕಾದು ಹೊಲಸು ಮೇಲೆ ಬಂದಾಗ, ಬೆಂಡಿ ಗಿಡದ ಲೋಳೆ ಹಾಕಿ, ಜಾಲರಿ ಸೌಟಿನಿಂದ ಮತ್ತೆ ಮತ್ತೆ ಎತ್ತಿ ಚೆಲ್ಲುತ್ತಾರೆ. ಬೆಲ್ಲದ ಮರ್ಯಾದೆ ಇರುವುದೇ ಅದರಲ್ಲಿ. ಇಲ್ಲಿ ಆ ನೊರೆ, ಕಸ, ಸತ್ತ ಹುಳ ಎಲ್ಲವೂ ಒಳಗೇ ಕುದಿಯುತ್ತಿದ್ದವು. ತಳ ಹತ್ತುವವರೆಗೆ ಬಿಟ್ಟು, ಡಾಂಬರಿನಂಥದನ್ನು ಅಚ್ಚಿಗೆ ಸುರಿಯುತ್ತಿದ್ದರು. ಕರಿ ಇಟ್ಟಿಗೆಗಳಂತೆ ಬೆಲ್ಲ ಗೋಡೆಯುದ್ದಕ್ಕೂ ಒಟ್ಟಿತ್ತು. ಒಂದರ ಮೇಲೂ ಹೆಬ್ಬೆರಳಿನ ಕುಳಿ ಇರಲಿಲ್ಲ.

"ಇದನ್ನ ಯಾರು ತಿಂತಾರ ಕಾಕಾ?"

"ಯಾರೂ ತಿನ್ನಂಗಿಲ್ಲ" ಎಂದರು. "ನಾಳೆ ನಫುಲಾನ ಹಿತ್ತಲಕ್ಕ ಹೋಗು. ನಾ ಹೇಳೂದಕ್ಕಿಂತ ನೀನ ನೋಡೂದು ಛಲೋ."

ನಫುಲಾಳ ಹಿತ್ತಲು

ಅಡುಗೆಮನೆಯ ಹಿಂದೆ ಬಾಳೆ ಗಿಡಗಳ ಮರೆಯಲ್ಲಿ ಡ್ರಮ್ಮುಗಳು. ಕರಿ ಬೆಲ್ಲವನ್ನು ನೀರಿಗೆ ಹಾಕಿ ಕೊಳೆಸಿ, ಆಮೇಲೆ ಕಾಯಿಸಿ ಭಟ್ಟಿ ಇಳಿಸುತ್ತಾರೆ. ನಮ್ಮ ಕಡೆ ಅದಕ್ಕೆ ಕಳ್ಳಭಟ್ಟಿ ಎನ್ನುತ್ತಾರೆ. ಅಲ್ಲಿಯೂ ಅದು ಕಳ್ಳತನದ್ದೇ, ಆದರೆ ಊರಿಗೆಲ್ಲ ಗೊತ್ತಿದ್ದ ಕಳ್ಳತನ. ಆ ಗಾಣದ ಬೆಲ್ಲವೆಲ್ಲ ಹೋಗುವುದು ಇಂಥ ಡ್ರಮ್ಮುಗಳಿಗೇ.

ನಫುಲಾ ಒಂದು ತೊಟ್ಟೂ ಕುಡಿಯುವುದಿಲ್ಲ. ಮಾರುತ್ತಾಳೆ. ಅವಳ ಗಂಡ ಕುಡಿದು ಕಣ್ಣು ಕಳೆದುಕೊಂಡು, ಆಮೇಲೆ ಜೀವ ಕಳೆದುಕೊಂಡ. ಗೋರಿ ಬಾಳೆ ಗಿಡಗಳ ಆಚೆಯೇ ಇದೆ. ಅವನನ್ನು ಕೊಂದದ್ದನ್ನೇ ಮಾರಿ ಅವನ ಮಕ್ಕಳನ್ನು ಓದಿಸುತ್ತಿದ್ದಾಳೆ. ಹೀಗೆ ಬರೆದರೆ ನಿಮ್ಮಲ್ಲಿ ಯಾರಾದರೂ ಅವಳಿಗೆ ಬುದ್ಧಿ ಹೇಳಲು ಬರುತ್ತೀರಿ. ಬರಬೇಡಿ. ಅವಳು ನನಗೆ ಅರ್ಧ ತೆನೆ ಕೊಟ್ಟವಳು.

"ನಿಮ್ಮ ಮುದುಕ ಬಂದ ಮೊದಲ ವರ್ಷ ಕೆಂಪಗಿನ, ಚೆಂದದ ಬೆಲ್ಲ ಮಾಡಿದ" ಎಂದು ಹೇಳಿ ನಕ್ಕಳು. "ಪ್ರತಿಯೊಂದಕ್ಕೂ ಬೆರಳು ಒತ್ತಿದ್ದ. ನಾವು ಅದೇನೋ ಮಂತ್ರ ಎಂದುಕೊಂಡು ಹೆದರಿದೆವು. ಮಾಲೀಕ ಅದಕ್ಕೆ ಹೆಚ್ಚು ರೇಟು ಹೇಳಿದ. ಡ್ರಮ್ಮಿನಲ್ಲಿ ಕೊಳೆಯುವುದಕ್ಕೆ ಚೆಂದ ಯಾಕೆ? ಯಾರೂ ತೆಗೆದುಕೊಳ್ಳಲಿಲ್ಲ, ಕೊನೆಗೆ ಅಗ್ಗಕ್ಕೆ ಕೊಟ್ಟ. ಒಂದು ದಿನ ಮುದುಕ ಇಲ್ಲಿಗೆ ಬಂದ. ನಾನು ಅವನ ಬೆಲ್ಲವನ್ನು ಕೊಡಲಿಯಿಂದ ಒಡೆದು ಡ್ರಮ್ಮಿಗೆ ಹಾಕುತ್ತಿದ್ದೆ."

"ಏನು ಮಾಡಿದರು?"

"ಒಡೆದ ಚೂರೊಂದನ್ನು ಎತ್ತಿಕೊಂಡು ಬೆರಳಿನ ಗುರುತು ನೋಡಿದ. ಜೇಬಿಗೆ ಹಾಕಿಕೊಂಡು ಹೋದ. ಮರುದಿನದಿಂದ ಅವನೂ ಕರಿ ಬೆಲ್ಲವನ್ನೇ ಮಾಡಿದ. ಬೆರಳು ಒತ್ತುವುದು ನಿಂತಿತು."

ಭಾನುವಾರ

ಭಾನುವಾರ ಗಾಣ ರಜೆ. ಊರಿನವರೆಲ್ಲ ಚರ್ಚಿಗೆ ಹೋಗಿದ್ದರು. ಕಾಕಾ ಎಂಜಿನ್ ಸ್ವಲ್ಪ ಹೊತ್ತು ತಿರುಗಿಸಿ ಒಂದಿಷ್ಟು ರಸ ಹಿಡಿದರು. ಮಾಲೀಕನ ಮನೆಯ ತೋಟದಿಂದ ಬೆಂಡಿ ಗಿಡ ಕಿತ್ತು ತಂದರು. ಚಿಗವ್ವ ಬೆಲ್ಲ ಕೇಳಿದ್ದಳು ಎಂದು ನಾನು ಹೇಳಿದ್ದೆ. ಮೂಲೆಯಲ್ಲಿದ್ದ ಸಣ್ಣ ಕೊಪ್ಪರಿಗೆಯನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳಗಿ ಒಲೆಗಿಟ್ಟರು. ನಾನು ಸಿಪ್ಪೆ ಸುರಿಯುತ್ತ ಉರಿ ನೋಡಿಕೊಂಡೆ. ಉರಿಯ ಮುಂದೆಯೇ ಮಾತು ಬಂತು.

"ನಡೀರಿ ಕಾಕಾ ಊರಿಗೆ. ಇಲ್ಲಿ ಏನೈತಿ ನಿಮಗ?"

"ಕೊಪ್ಪರಗಿ ಐತಿ" ಎಂದರು, ನೊರೆ ಎತ್ತುತ್ತ. "ಹೊಟ್ಟು ಎತ್ತಿ ಎತ್ತಿ ನನ್ನ ಕೈ ಮರ ಆಗಿದ್ವು. ಇಲ್ಲಿ ಒಲಿ ಮುಂದ ಕುಂದರಾಕರ ಸಿಗತೈತಿ ಅಂತ ಬಂದೆ. ಮೊದಲ ವರ್ಷ ಲಾರಿ ಮ್ಯಾಲ ಲಾರಿ ಬೆಲ್ಲ ಹೋಗೂದು ನೋಡಿ, ಏನು ಸಿಹಿ ತಿಂತಾರಪ್ಪ ಈ ಮಂದಿ ಅಂತ ಹಿಗ್ಗಿದ್ದೆ. ಹುಚ್ಚ ನಾ."

"ಗೊತ್ತಾದ ಮ್ಯಾಲರ ಬಿಟ್ಟು ಬರಬೇಕಿತ್ತಲ್ರಿ."

"ಬಿಟ್ಟು ಎಲ್ಲಿ ಬರ್ಲಿ? ಆವಾಗ ನಿಮ್ಮ ಗಾಣದಾಗ ನಾಯಿ ಮಲಗತಿತ್ತು." ಸೌಟು ಕುಟ್ಟಿದರು. "ನಾ ಶೆರೆ ಮುಟ್ಟಿದಾವ ಅಲ್ಲ ತಂಗಿ. ಈಗ ಊರಂತ ಊರಿಗೆ ಶೆರೆ ಕುಡಿಸೂದು ನನ್ನ ಕೈ. ಶುಕ್ರವಾರ ನಮಾಜಿಗೆ ಹೋಗ್ತೀನಿ. ಎಲ್ಲಾರಕಿಂತ ಹಿಂದಿನ ಸಾಲಿನ್ಯಾಗ ನಿಂದರ್ತೀನಿ. ಸಿಹಿ ಬಾಯಿಗೆ ಸೇರಂಗಿಲ್ಲ."

"ಅದಕ್ಕ ಹೇಳೂದು, ನಡೀರಿ. ಈಗ ನಾಯಿ ಎಬ್ಬಿಸೇನಿ. ಒಲಿ ಹೊಸಾದು. ಕಬ್ಬು ನಿಂತೈತಿ, ಹೂ ಬಿಡೂದ್ರಾಗ ಕಡೀಬೇಕು. ನಿಮ್ಮ ಕೈ ಒಂದ ಬೇಕು."

ಕಾಕಾ ನನ್ನ ಕಡೆ ತಿರುಗಿದರು. "ಬೆಲ್ಲ ಯಾರು ತಗೋತಾರ?"

"ಕೊಪ್ಪಳದ ಸಾವುಕಾರ. ಅಷ್ಟೂ ತಗೋತೀನಿ ಅಂದಾನ."

"ಯಾವ ಬಣ್ಣದ್ದು?"

ಒಲೆಯಲ್ಲಿ ಸಿಪ್ಪೆ ಚಟಚಟ ಎಂದಿತು. ನಾನು ಇನ್ನೊಂದು ಹಿಡಿ ಹಾಕಿದೆ. ಬೇಡವಾಗಿತ್ತು, ಆದರೂ ಹಾಕಿದೆ.

"ಹಳದಿ" ಎಂದೆ. "ಆದ್ರ ನಾ ಹಳದಿ ಮಾಡ್ಸಂಗಿಲ್ಲ ಕಾಕಾ. ದೊಡ್ಡ ಪಟ್ಟಣದಾಗ ಆರ್ಗ್ಯಾನಿಕ್ ಅಂತ ಕೆಂಪು ಬೆಲ್ಲ ತಗೊಳ್ಳೋರು ಅದಾರ, ಅವರನ್ನ ಹುಡುಕೂಣು."

"ಹುಡುಕೀ ಏನು?"

"ಇನ್ನೂ ಇಲ್ಲ."

"ಹುಡುಕೂದ್ರಾಗ ಹೂ ಬಿಡತೈತಿ." ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. "ನೋಡು ರೇಣವ್ವ. ಇಲ್ಲಿ ಕರೀದು ಕೇಳ್ತಾರ, ಅಲ್ಲಿ ಹಳದಿ ಕೇಳ್ತಾರ. ಕರೀದು ಮಾಡೂದು ಪಾಪ, ಒಪ್ಪಿದೆ. ಆದ್ರ ಇಲ್ಲಿ ನನ್ನ ಗುರತಾ ಯಾರಿಗೂ ಇಲ್ಲ. ಅಲ್ಲಿ ಎಲ್ಲಾರಿಗೂ ಐತಿ. ಸಾಲಿ ಬಿಟ್ಟ ಹುಡುಗ್ರು ಬಂದು ಕೈ ಚಾಚತಾವ. ಆ ಕೈಯಾಗ ನಾ ಪೌಡರ್ ಹಾಕಿದ್ದನ್ನ ಇಡ್ಲೇನು?"

"ಹಂಗಂದ್ರ ಬರಂಗಿಲ್ಲ?"

"ನೋಡೂಣು ಬಿಡವ್ವ" ಎಂದರು.

ಫೋನಿನಲ್ಲಿ ಆ ಮಾತು ಕೇಳಿದಾಗ ಅದು ಹೌದೋ ಅಲ್ಲವೋ ತಿಳಿಯುತ್ತಿರಲಿಲ್ಲ. ಎದುರಿಗೆ ಮುಖವಿತ್ತು. ತಿಳಿಯಿತು.

ಪಾಕ ಗುಳುಗುಳು ಎನ್ನತೊಡಗಿತು. ಕಾಕಾ ಎಲ್ಲ ಮರೆತು ಅದರ ಮೇಲೆ ಬಾಗಿದರು. ಇದ್ದಕ್ಕಿದ್ದಂತೆ ಹತ್ತು ವರ್ಷ ಚಿಕ್ಕವರಾದ ಹಾಗೆ ಕಂಡರು. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ಇನ್ನೂ ಇಲ್ಲ ಎಂಬಂತೆ ತಲೆಯಾಡಿಸಿದರು. ಮತ್ತೆ ಬಿಟ್ಟರು. ಇನ್ನೂ ಇಲ್ಲ. ನಡುವೆ ಒಂದು ಸಲ ಸುಟ್ಟ ವಾಸನೆ ಮೂಗಿಗೆ ಬಂತು, ಹಳೆಯ ಕೊಪ್ಪರಿಗೆಯದಿರಬೇಕು ಎಂದುಕೊಂಡೆ. ಮತ್ತೊಂದು ಹನಿ ಬಿಟ್ಟು ಉಂಡೆಯನ್ನು ಕೊಪ್ಪರಿಗೆಯ ಅಂಚಿಗೆ ಬಡಿದರು. ಟಣ್ ಎಂದಿತು.

"ಹದ ಬಂತು!" ಕಾಕಾನ ಕೂಗು ಖಾಲಿ ಗಾಣದಲ್ಲಿ ಮೊಳಗಿತು.

ಕೊಪ್ಪರಿಗೆ ಇಳಿಸಿ, ಸೌಟು ಹಿಡಿದುಕೊಂಡೇ ಗೇಟಿನ ಕಡೆ ನೋಡಿದರು. ಹದ ಬಂದಾಗ ಯಾರು ಬಂದಿದ್ದಾರೆ ಎಂದು ನೋಡುವುದು ಅವರ ರೂಢಿ. ಗೇಟಿಗೆ ಬೀಗವಿತ್ತು.

ಬೆಲ್ಲವನ್ನು ಒಂದು ಬಟ್ಟಲಿಗೆ ಸುರಿದು, ಆರುವ ಮೊದಲು ಅದರ ನೆತ್ತಿಗೆ ಹೆಬ್ಬೆರಳು ಒತ್ತಿದರು. ಅಲ್ಲಿಗೆ ಬಂದಾಗಿನಿಂದ ನಾನು ನೋಡಿದ ಮೊದಲ ಕುಳಿ. ತಳದಲ್ಲಿ ಉಳಿದದ್ದನ್ನು ಕಬ್ಬಿನ ಎಲೆಯ ಮೇಲೆ ನನಗೆ ಕೊಟ್ಟರು. ತಾವು ಒಂದು ಕಾಳಿನಷ್ಟೂ ಬಾಯಿಗಿಡಲಿಲ್ಲ.

"ಹೆಂಗೈತಿ?"

"ಅದ ರುಚಿ ಕಾಕಾ" ಎಂದೆ. ಸುಳ್ಳಲ್ಲ. ನನ್ನ ನಾಲಿಗೆ ಅದನ್ನೇ ಹೇಳಿತು.

ತಿರುಗಿ ಬಂದದ್ದು

ಬರುವ ದಾರಿಯ ಬಗ್ಗೆ ಬರೆಯಲು ಏನೂ ಇಲ್ಲ. ಕಾಕಾನ ಬೆಲ್ಲವನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ವಿಮಾನದಲ್ಲಿ ಚಹಾ ಕೊಟ್ಟರು, ಜೊತೆಗೆ ಸಕ್ಕರೆಯ ಸಣ್ಣ ಪೊಟ್ಟಣ. ತೆರೆಯಲಿಲ್ಲ.

ಊರಿಗೆ ಬಂದಾಗ ಕಬ್ಬಿನ ತುದಿಯಲ್ಲಿ ಅಲ್ಲಲ್ಲಿ ಬಿಳಿ ಗರಿ ಕಾಣಿಸಿತ್ತು. ಹೂ. ಸಾವುಕಾರನಿಗೆ ಫೋನು ಮಾಡಿ ಕಾಸುವವರು ಸಿಗಲಿಲ್ಲ ಎಂದೆ. "ಅಯ್ಯ, ಪೌಡರ್ ಹಾಕಾಕ ಕಾಸೋರು ಯಾಕ ಬೇಕ್ರಿ, ಪ್ಯಾಕೆಟ್ ಮ್ಯಾಲ ಬರದಿರತೈತಿ" ಎಂದ. ಫೋನು ಇಟ್ಟೆ. ಮರುದಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯುವ ತಂಡ ಬಂತು. ಅಕ್ಕಿ ಗಿರಣಿಯ ಕಟ್ಟೆಯವರು ನೋಡಲು ಬಂದರು. ಈ ಸಲ ನಗಲಿಲ್ಲ, ಅದೇ ಹೆಚ್ಚು ಉರಿಯಿತು.

ಕಾರ್ಖಾನೆಯಲ್ಲಿ ಏನಾಗುತ್ತದೆ ಎಂದು ಒಮ್ಮೆ ನೋಡಿದ್ದೇನೆ. ಎಲ್ಲರ ಕಬ್ಬನ್ನೂ ಒಂದೇ ಬಾಯಿಗೆ ಹಾಕುತ್ತಾರೆ. ಯಾರ ಹೊಲದ್ದು, ಯಾವ ನೀರಿನದು, ಎಲ್ಲ ಅಲ್ಲೇ ಬೆರೆತುಹೋಗುತ್ತದೆ. ಸುಣ್ಣ ಹಾಕಿ, ಗಂಧಕದ ಹೊಗೆ ಹಾಯಿಸಿ, ಕುದಿಸಿ, ಕೊನೆಗೆ ದೊಡ್ಡ ಡಬ್ಬಿಯಲ್ಲಿ ಗಿರಗಿರ ತಿರುಗಿಸುತ್ತಾರೆ. ಬಣ್ಣ, ವಾಸನೆ ಎಲ್ಲ ಕರಿ ಪ್ರವಾಹವಾಗಿ ಹೊರಗೆ ಹೋಗುತ್ತದೆ, ಉಳಿದದ್ದು ಬೆಳ್ಳಗೆ. ಆ ಕರಿಯದಕ್ಕೆ ಕಾಕಂಬಿ ಎನ್ನುತ್ತಾರೆ. ಟ್ರ್ಯಾಕ್ಟರಿನ ಚಾಲಕನನ್ನು ಕೇಳಿದೆ, ಆ ಕಾಕಂಬಿ ಎಲ್ಲಿಗೆ ಹೋಗುತ್ತದೆ ಎಂದು.

"ಎಲ್ಲಿ ಹೋಗತೈತ್ರಿ ಅಕ್ಕಾರ" ಎಂದ ಅವನು, ನಾನೇನು ದಡ್ಡಿಯೋ ಎಂಬಂತೆ ನೋಡಿ. "ಶೆರೆ ಮಾಡಾಕ."

ಟ್ರ್ಯಾಕ್ಟರು ಹೊರಟಿತು. ಶಾಲೆ ಬಿಟ್ಟ ಮಕ್ಕಳು ಹಿಂದೆ ಓಡಿದರು. ಅವರು ಎಳೆದುಕೊಂಡ ಕಬ್ಬಷ್ಟೇ ಲಾಭ ಎಂದುಕೊಂಡೆ.

ಖಾತುಂಬಿ ಚಿಗವ್ವನ ಕಟ್ಟೆ

ಚಿಗವ್ವನ ಮನೆಗೆ ಹೋಗುವುದನ್ನು ನಾಳೆ ನಾಳೆ ಎಂದು ಮುಂದೂಡಿದೆ. ಕಬ್ಬು ಕಾರ್ಖಾನೆಗೆ ಹೋದದ್ದು ಅವಳಿಗೆ ಗೊತ್ತಾಗಿತ್ತು. ಹೋದಾಗ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ಬರುತ್ತಾರೋ ಇಲ್ಲವೋ ಎಂದು ಕೇಳಲಿಲ್ಲ.

"ಕಿವಿ ಕೊಡಲಿಲ್ಲ ಹೌದಿಲ್ಲೋ" ಎಂದಳು.

ನಾನು ಬಟ್ಟೆಯ ಗಂಟು ಬಿಚ್ಚಿ ಪೆಂಟಿಯನ್ನು ಅವಳ ಮಡಿಲಲ್ಲಿಟ್ಟೆ. ಚಿಗವ್ವ ಕೈಯೊರೆಸಿಕೊಂಡು ಅದನ್ನು ಎತ್ತಿದಳು, ತಿರುಗಿಸಿದಳು, ಕುಳಿ ಹುಡುಕಿದಳು. ಸಿಕ್ಕಿತು. ತನ್ನ ಹೆಬ್ಬೆರಳನ್ನು ಅದರೊಳಗಿಟ್ಟು ಹಾಗೇ ಕೂತಳು. ಮೂರು ಸುಗ್ಗಿಯ ಮೇಲೆ ಮೊದಲ ಸಲ ಗಂಡನ ಕೈ ಹಿಡಿದ ಹಾಗಿತ್ತು. ಮುಖ ಅರಳಿತು. ನನಗೂ ಸಮಾಧಾನವಾಯಿತು, ಇದೊಂದಾದರೂ ತಂದೆನಲ್ಲ ಎಂದು.

ಆಮೇಲೆ ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಚಪ್ಪರಿಸಿದಳು. ಇನ್ನೊಂದು ಚೂರು ಹಾಕಿಕೊಂಡಳು. ಬೆಲ್ಲವನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದಳು, ಮೂಸಿದಳು.

"ಇದನ್ನ ಕಾಸಿದಾವ ಯಾರು?"

"ಕಾಕಾನ, ಚಿಗವ್ವ. ನನ್ನ ಕಣ್ಣ ಮುಂದ ಕಾಸ್ಯಾರ. ಉರಿ ಹಾಕಿದಾಕಿ ನಾನ."

"ಹದ ದಾಟೇತಿ" ಎಂದಳು. "ಕಡೀಕ ಸುಟ್ಟ ವಾಸನಿ ಬರತೈತಿ. ಕರೀದು ಮಾಡೂ ಕೈ ಇದು."

ಪೆಂಟಿಯನ್ನು ಬಟ್ಟೆಯ ಮೇಲಿಟ್ಟು, ಕುಳಿ ಕಾಣದಂತೆ ಮಗುಚಿದಳು. ಶೇಂಗಾದ ಬುಟ್ಟಿ ಹತ್ತಿರ ಎಳೆದುಕೊಂಡಳು.

"ಬೆರಳು ಅವರದ ಐತಿ ರೇಣವ್ವ. ಕೈ ಅವರದಲ್ಲ."